ಗದಗಿನ ತಮ್ಮನಿಗೆ, ಬೈರಿಗೆಯ ವಿಷಯ

ತಮ್ಮಾ,

ನಿನ್ನ ಪ್ರಶ್ನೆ ತಲುಪಿದಾಗ ನಾನು ಅಮೆರಿಕದ ಮಿನ್ನೆಸೋಟಾದಲ್ಲಿ ಇರಲಿಲ್ಲ. ಎಳ್ಳ ಅಮಾವಾಸ್ಯೆಗೆಂದು ಊರಿಗೆ ಬಂದವನು, ಧಾರವಾಡದಿಂದ ಹತ್ತು ಕಿಲೋಮೀಟರ್ ದೂರದ ನಮ್ಮ ಹಳ್ಳಿಯಲ್ಲಿ, ನನ್ನಪ್ಪ ಬಡಿಗತನ ಮಾಡುತ್ತಿದ್ದ ತಗಡಿನ ಶೆಡ್ಡಿನಲ್ಲಿ ಕುಳಿತು ಅದನ್ನು ಓದಿದೆ. ತಲೆಯ ಮೇಲೆ ಗೋಡೆಯ ಮೊಳೆಗೆ, ಮರಕ್ಕೆ ತೂತು ಕೊರೆಯುವ ಅಪ್ಪನ ಬೈರಿಗೆ ತೂಗುತ್ತಿತ್ತು. ಆದ್ದರಿಂದಲೇ ಉತ್ತರ ಉದ್ದವಾಗಿದೆ, ಬೇಸರ ಮಾಡಿಕೊಳ್ಳಬೇಡ.

ನೀನು ಕೇಳಿದ್ದು ಇಷ್ಟು. ಅಕ್ಟೋಬರಿನಲ್ಲಿ ಗದಗಿನಿಂದ ಮಿನ್ನೆಸೋಟಾಕ್ಕೆ ಬಂದಿಳಿದಿದ್ದೀಯ. ಕಚೇರಿಯವರು ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಕರೆಯುತ್ತಿದ್ದಾರೆ. ಮಂಜುಗಡ್ಡೆ ಕೊರೆಯಲು ಕೈಯಿಂದ ತಿರುಗಿಸುವ ಆಗರ್ ಕೊಳ್ಳಬೇಕೋ, ಬ್ಯಾಟರಿಯದೋ? ಅದರ ಬೆನ್ನಿಗೇ ಕೋಟು, ಕಾರು, ಊಟ, ಹೆಂಡತಿಯನ್ನು ಯಾವಾಗ ಕರೆಸಿಕೊಳ್ಳಲಿ ಎಂಬ ನಾಲ್ಕು ಪ್ರಶ್ನೆಗಳು.

ಈ ನಾಲ್ಕನ್ನು ಮೊದಲು ಮುಗಿಸಿಬಿಡುತ್ತೇನೆ. ಕೋಟಿನ ಬಗ್ಗೆ ಅಂಗಡಿಯವರೇ ನನಗಿಂತ ಚೆನ್ನಾಗಿ ಹೇಳುತ್ತಾರೆ, ಬೂಟಿಗೆ ಮಾತ್ರ ಜಿಪುಣತನ ಮಾಡಬೇಡ. ಕಾರು ಹಳೆಯದಾದರೂ ಅದರ ಬ್ಯಾಟರಿ ಹೊಸದಿರಲಿ. ಜೋಳದ ಹಿಟ್ಟು ಸಿಗುತ್ತದೆ, ಆದರೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಬಿಸಿನೀರಿನಲ್ಲಿ ಚೆನ್ನಾಗಿ ನಾದು. ಹೆಂಡತಿಯ ಮಾತನ್ನು ಆಕೆಯನ್ನೇ ಕೇಳು. ಜನವರಿಯಲ್ಲಿ ಮಾತ್ರ ಕರೆತರಬೇಡ. ನಾನು ಕರೆತಂದಿದ್ದೆ, ಇಪ್ಪತ್ತು ವರ್ಷ ದಾಟಿದರೂ ಆ ಮಾತು ನಮ್ಮ ಮನೆಯಲ್ಲಿ ಹಳತಾಗಿಲ್ಲ.

ಈಗ ಆಗರಿಗೆ ಬರೋಣ. ಅಂಗಡಿಯಲ್ಲಿ ಆಗರ್ ಎಂದೇ ಕೇಳು, ನಾನು ಬೈರಿಗೆ ಎನ್ನುತ್ತೇನೆ. ಅದು ಬೈರಿಗೆಯೇ, ಮರದ ಬದಲು ಮಂಜುಗಡ್ಡೆ ಅಷ್ಟೇ.

ನಾನು ಬಂದದ್ದು 2001ರ ಜನವರಿಯಲ್ಲಿ. ಬಂದ ವಾರ ಬಸ್ಸಿನ ಕಿಟಕಿಯಿಂದ ಒಂದು ದೊಡ್ಡ ಬಿಳಿಯ ಬಯಲು ಕಂಡಿತು. ಅದರ ನಡುವೆ ಕಾರುಗಳು, ಪುಟ್ಟ ಪುಟ್ಟ ಗುಡಿಸಲುಗಳು. ಜಾತ್ರೆ ಇರಬೇಕು ಎಂದುಕೊಂಡೆ. ಪಕ್ಕದಲ್ಲಿದ್ದವರು ಅದು ಕೆರೆ ಎಂದರು. ಹುಬ್ಬಳ್ಳಿಯ ಉಣಕಲ್ ಕೆರೆ ನೋಡುತ್ತಾ ಬೆಳೆದವನಿಗೆ ಕೆರೆಯ ಮೇಲೆ ಕಾರು ನಿಲ್ಲಿಸುವ ಸಂಗತಿ ನಂಬಲಾಗಲಿಲ್ಲ. ಮರುವರ್ಷ ಪಕ್ಕದ ಮನೆಯ ಮುದುಕರೊಬ್ಬರು ತಮ್ಮ ಹಳೆಯ ಕೈಬೈರಿಗೆ ಕೊಟ್ಟು ಕೊರೆಯಲು ಕಲಿಸಿದರು. ಮೇಲಿನ ಗುಬಟನ್ನು ಒಂದು ಅಂಗೈಯಲ್ಲಿ ನೆಟ್ಟಗೆ ಹಿಡಿ, ಇನ್ನೊಂದು ಕೈಯಿಂದ ತಿರುಗಿಸು, ಮೈಭಾರ ಹಾಕಬೇಡ, ಕತ್ತರಿಸುವುದು ಬ್ಲೇಡಿನ ಕೆಲಸ ಎಂದರು. ಅಪ್ಪ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದೂ ಇದನ್ನೇ. ಅಪ್ಪನ ಮಾತು ಕೇಳಲು ನಾನು ಸಮುದ್ರ ದಾಟಬೇಕಾಯಿತು.

ಕೈಬೈರಿಗೆ ಮೂರು ನಾಲ್ಕು ಕಿಲೋ ತೂಗುತ್ತದೆ, ನೂರು ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಸ್ವೀಡನ್ನಿನ ಮೋರಾ ಹೆಸರಿನವು ಹಳಬರಿಗೆ ಅಚ್ಚುಮೆಚ್ಚು. ಕೊಳ್ಳುವುದಾದರೆ ಆರು ಇಂಚಿನದು ಸಾಕು. ಎಂಟಿಂಚಿನದು ಎರಡೇ ಇಂಚು ಹೆಚ್ಚು ಎಂದುಕೊಳ್ಳಬೇಡ. 6ರ ವರ್ಗ 36, 8ರ ವರ್ಗ 64. ಕೊರೆದು ತೆಗೆಯುವ ಮಂಜುಗಡ್ಡೆ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು. ಆ ಲೆಕ್ಕವನ್ನು ನಿನ್ನ ಭುಜ ಸಂಜೆಗೆ ಒಪ್ಪಿಸುತ್ತದೆ. ದೊಡ್ಡ ಪೈಕ್ ಮೀನಿಗೆ ಎಂಟು ಬೇಕು ನಿಜ, ಮೊದಲ ವರ್ಷ ನಿನಗೆ ದೊಡ್ಡ ಪೈಕ್ ಸಿಗುವುದಿಲ್ಲ ಬಿಡು.

ಬ್ಯಾಟರಿಯಲ್ಲಿ ಎರಡು ದಾರಿ. ಒಂದು, ಇದಕ್ಕೆಂದೇ ಮಾಡಿದ ಯಂತ್ರ: ಐದಾರು ನೂರು ಡಾಲರು, ತೂಕವೂ ಕೈಬೈರಿಗೆಯ ಎರಡು ಪಟ್ಟಿಗಿಂತ ಕಡಿಮೆಯಿಲ್ಲ. ಇನ್ನೊಂದು, ಮನೆಗೆಲಸದ 18 ವೋಲ್ಟಿನ ಗಟ್ಟಿ ಡ್ರಿಲ್ಲಿಗೆ ಹಗುರವಾದ ಬೈರಿಗೆ ಸಿಕ್ಕಿಸುವುದು. ಈಗಿನ ಹುಡುಗರು ಹೆಚ್ಚಾಗಿ ಎರಡನೆಯದನ್ನೇ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಡ್ರಿಲ್ಲಿಗೆ ಪಕ್ಕದ ಹಿಡಿ ಇರಲೇಬೇಕು. ಬ್ಲೇಡ್ ಮಂಜುಗಡ್ಡೆಯಲ್ಲಿ ಕಚ್ಚಿಕೊಂಡರೆ ತಿರುಗುವುದು ನಿನ್ನ ಮಣಿಕಟ್ಟು. ಬೈರಿಗೆಯ ಮೇಲ್ತುದಿಗೆ ರಂಧ್ರಕ್ಕಿಂತ ಅಗಲವಾದ ಬಿಲ್ಲೆಯೊಂದನ್ನು ಹಾಕಿಸು. ಡ್ರಿಲ್ಲಿನ ಹಿಡಿತ ಸಡಿಲಾದರೆ ಬೈರಿಗೆ ಬಾವಿಗೆ ಬಿದ್ದ ಕೊಡದಂತೆ ತಳಕ್ಕೆ ಹೋಗುತ್ತದೆ, ಪಾತಾಳಗರಡಿ ಅಲ್ಲಿ ಸಿಗುವುದಿಲ್ಲ. ಬ್ಯಾಟರಿಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೋ, ಚಳಿಗೆ ಅದರ ಶಕ್ತಿ ಕುಗ್ಗುತ್ತದೆ. ಮನೆಗೆ ಬಂದೊಡನೆ ಚಾರ್ಜಿಗೂ ಹಾಕಬೇಡ, ಮೊದಲು ಬೆಚ್ಚಗಾಗಲಿ. ಪೆಟ್ರೋಲಿನ ಯಂತ್ರದ ಬಗ್ಗೆ ನೀನು ಕೇಳಿಲ್ಲ. ನಾನು ಕೊಂಡದ್ದು ಅದನ್ನೇ.

2008ರಲ್ಲಿ ಕೊಂಡೆ. ಮನೆ ಮಾಡಿದ್ದೆ, ಗ್ಯಾರೇಜು ಖಾಲಿ ಕಾಣುತ್ತಿತ್ತು, ನಾನೂ ಇಲ್ಲಿಯವನೇ ಎಂದು ನಾಲ್ಕು ಜನರಿಗೆ ತೋರಿಸಬೇಕಿತ್ತು. ಹತ್ತಿಂಚಿನ ಬೈರಿಗೆ, ಹದಿನಾಲ್ಕು ಕಿಲೋ ತೂಕ. ಹಗ್ಗ ಎಳೆದು ಶುರು ಮಾಡಿದರೆ ಹಳೆಯ ಲೂನಾ ಗಾಡಿಯಂತೆ ಹೊಗೆ.

2010ರ ಜನವರಿಯಲ್ಲಿ ಅಪ್ಪ ಬಂದ. ಎಲ್ಲರ ತಂದೆತಾಯಿ ಬೇಸಿಗೆಯಲ್ಲಿ ಬಂದರೆ ಅಪ್ಪ ಚಳಿಗಾಲವೇ ಬೇಕೆಂದು ಹಟ ಹಿಡಿದ. ಕೆರೆಯ ಮೇಲೆ ಕಾರು ಓಡುವುದನ್ನು ನೋಡಬೇಕಿತ್ತು. ಮಿಲ್ ಲ್ಯಾಕ್ಸ್ ಕೆರೆಗೆ ಕರೆದುಕೊಂಡು ಹೋದೆ. ಒಂದು ಲಕ್ಷ ಮೂವತ್ತು ಸಾವಿರ ಎಕರೆ ನೀರು, ದಂಡೆಯಿಂದ ಆಚೆ ದಂಡೆ ಕಾಣುವುದಿಲ್ಲ. ನೀರು ಕಲ್ಲಾದರೆ ಮೀನು ಸಾಯುವುದಿಲ್ಲವೇ ಎಂದು ಕೇಳಿದ. ನಾಲ್ಕು ಡಿಗ್ರಿಯ ನೀರು ಎಲ್ಲಕ್ಕಿಂತ ಭಾರ, ಅದು ತಳದಲ್ಲಿ ಉಳಿಯುತ್ತದೆ, ಹೆಪ್ಪುಗಟ್ಟುವುದು ಮೇಲಷ್ಟೇ, ಆ ಹೆಪ್ಪೇ ಕೆಳಗಿನದಕ್ಕೆ ಕಂಬಳಿ ಎಂದೆ. ತಲೆಯಾಡಿಸಿದ. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ತಿನ್ನದ ಮೇಲೆ ಹಿಡಿಯುವುದೇಕೆ ಎಂದೂ ಕೇಳಿದ. ಅದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ, ನೀರಿಗೇ ಬಿಡುತ್ತೇನೆ.

ಹಿಮದ ಮೇಲೆ ಎಳೆದೊಯ್ಯುವ ಸಾಮಾನಿನ ಜಾರುಬಂಡಿಯ ಮೂಲೆಯಲ್ಲಿ ಮುದುಕರು ಕೊಟ್ಟ ಕೈಬೈರಿಗೆ ಬಿದ್ದಿತ್ತು. ಅಪ್ಪನ ಕಣ್ಣು ಅದರ ಮೇಲೆಯೇ. ಕೈಗವಸು ಕಳಚಿ, ಬ್ಲೇಡಿನ ಮುಚ್ಚಳ ತೆಗೆದು, ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಮೆಲ್ಲಗೆ ಎಳೆದ. ಉಳಿಗೆ ಸಾಣೆ ಹಿಡಿದ ಮೇಲೆ ನೋಡುತ್ತಿದ್ದುದು ಹಾಗೆಯೇ: ಹರಿತವಾಗಿದ್ದರೆ ಉಗುರನ್ನು ಹಿಡಿಯುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಜಾರಿತು.

"ಇದರ ಬಾಯಿ ಹೋಗಿದೆ. ಇಲ್ಲಿ ಯಾರು ಸಾಣೆ ಹಿಡಿಯುತ್ತಾರೆ?"

"ಯಾರೂ ಹಿಡಿಯುವುದಿಲ್ಲ ಅಪ್ಪಾ, ಹೊಸದು ತಂದು ಹಾಕುತ್ತಾರೆ."

"ಒಂದು ತೂತು ನಾನು ಕೊರೆಯಲೇ?"

ಆಮೇಲೆ ಕೊರೆಯುವಿಯಂತೆ ಎಂದೆ. ಚಳಿ ಮೈನಸ್ ಇಪ್ಪತ್ತರ ಹತ್ತಿರ ಇತ್ತು, ಎಪ್ಪತ್ತು ದಾಟಿದ ಮನುಷ್ಯ, ನನಗೆ ಅವಸರ. ಯಂತ್ರದ ಹಗ್ಗ ಎಳೆದು ಹತ್ತು ನಿಮಿಷದಲ್ಲಿ ಐದು ರಂಧ್ರ ಕೊರೆದೆ. ಅಪ್ಪ ಮಫ್ಲರಿನಿಂದ ಮೂಗು ಮುಚ್ಚಿಕೊಂಡು, ಕೈ ಹಿಂದೆ ಕಟ್ಟಿ, ದೂರ ನಿಂತು ನೋಡಿದ. ಸದ್ದು ನಿಂತ ಮೇಲೆ ಒಂದೇ ಪ್ರಶ್ನೆ ಕೇಳಿದ: "ಎಷ್ಟು ದಪ್ಪ ಇತ್ತು?"

ನನಗೆ ಗೊತ್ತಿರಲಿಲ್ಲ. ಎರಡಡಿ ಇರಬೇಕು ಎಂದೆ. ಕೊರೆದವನು ನಾನೇ, ಐದು ಸಲ ಕೊರೆದಿದ್ದೆ. ಬೀಜ ಬಿತ್ತುವ ಕೂರಿಗೆಯ ಬಟ್ಟಲಿಗೆ ತೂತು ಹಾಕುವಾಗ ಜಾಲಿಮರ ಇನ್ನೆಷ್ಟು ಉಳಿದಿದೆ ಎಂಬುದನ್ನು ಸದ್ದಿನಿಂದಲೇ ಹೇಳುತ್ತಿದ್ದವನು ಅಪ್ಪ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದ, ಬೈಯಲಿಲ್ಲ. ಕೈಬೈರಿಗೆಯ ಬ್ಲೇಡಿಗೆ ಮುಚ್ಚಳ ಹಾಕಿ ಜಾರುಬಂಡಿಯಲ್ಲಿ ಇಟ್ಟ.

ಆ "ಆಮೇಲೆ" ಬರಲಿಲ್ಲ. ಫೆಬ್ರವರಿಯಲ್ಲಿ ಊರಿಗೆ ಹಿಂತಿರುಗಿದ, 2012ರಲ್ಲಿ ತೀರಿಕೊಂಡ. ತಿಳಿದವರು ಹೇಳುತ್ತಾರೆ, ಕೆತ್ತಿ ತೆಗೆಯುವ ನುಣುಪು ಬ್ಲೇಡುಗಳ ಕೋನ ಬಹಳ ಸೂಕ್ಷ್ಮ, ಮನೆಯಲ್ಲಿ ಸಾಣೆ ಹಿಡಿದರೆ ಹೆಚ್ಚಾಗಿ ಕೆಡುತ್ತವೆ, ಹೊಸದು ಹಾಕುವುದೇ ಲೇಸು. ನಿಜವಿರಬಹುದು. ಅಪ್ಪನ ಕೈಗೆ ಆಗುತ್ತಿತ್ತೋ ಇಲ್ಲವೋ, ಅದು ತಿಳಿಯದಂತೆ ಮಾಡಿದವನು ನಾನು.

ಅದೇ 2010ರ ಡಿಸೆಂಬರಿನಲ್ಲಿ ನಡೆದದ್ದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಲೇ ಇಲ್ಲ, ನಿನಗೆ ಹೇಳುತ್ತೇನೆ. ಮನೆಯ ಹತ್ತಿರದ ಚಿಕ್ಕ ಕೆರೆ, ಮೊದಲ ಹೆಪ್ಪು, ಮೇಲೆ ಹಿಮ ಬಿದ್ದು ಎಲ್ಲವೂ ಒಂದೇ ಸಮ ಕಾಣುತ್ತಿತ್ತು. ಹದಿನಾಲ್ಕು ಕಿಲೋದ ಯಂತ್ರವನ್ನು ಹೆಜ್ಜೆಹೆಜ್ಜೆಗೆ ಇಳಿಸಿ ಹಗ್ಗ ಎಳೆದು ದಪ್ಪ ನೋಡುವವರು ಯಾರು? ಒಬ್ಬನೇ ಅರವತ್ತು ಎಪ್ಪತ್ತು ಹೆಜ್ಜೆ ನಡೆದುಬಿಟ್ಟೆ. ಯಂತ್ರ ಇಟ್ಟು ಒತ್ತಿದೆ. ಒತ್ತಿದ್ದೇ ತಡ, ಹಿಡಿಯವರೆಗೂ ಕೆಳಗಿಳಿಯಿತು. ಹಿಮದ ಅಡಿಯಿಂದ ನೀರು ಕಪ್ಪಗೆ ಹರಡುತ್ತಾ ಬೂಟಿನ ಕಡೆಗೆ ಬಂತು. ಅಂಚನ್ನು ನೋಡಿದರೆ ಎರಡೂವರೆ ಇಂಚು ಇದ್ದಿತೇನೋ. ಯಂತ್ರವನ್ನು ಅಲ್ಲೇ ಬಿಟ್ಟು ಹೊಟ್ಟೆಯ ಮೇಲೆ ಮಲಗಿ, ಹಲ್ಲಿಯಂತೆ ತೆವಳುತ್ತಾ ಬಂದ ದಾರಿಯಲ್ಲೇ ದಂಡೆ ಸೇರಿದೆ. ತೆವಳುವಾಗ ಕಿವಿಯಲ್ಲಿ ಇದ್ದದ್ದು ಅಪ್ಪನ ಪ್ರಶ್ನೆ. ವಾರದ ಮೇಲೆ ಯಂತ್ರದ ಸುತ್ತ ಹೆಪ್ಪುಗಟ್ಟಿದ್ದನ್ನು ಕೆತ್ತಿ ಬಿಡಿಸಿಕೊಂಡು ಬಂದೆ. ಆ ಚಳಿಗಾಲ ಮುಗಿಯುವುದರೊಳಗೆ ಮಾರಿದೆ.

ಆದ್ದರಿಂದ ಮೊದಲ ವರ್ಷ ಕೈಬೈರಿಗೆಯನ್ನೇ ಹಿಡಿ. ಹರಿತವಾದ ಆರಿಂಚಿನದು ನನ್ನ ಕೈಯಲ್ಲಿ ಇಂಚಿಗೆ ಏಳೆಂಟು ಸುತ್ತು ತೆಗೆದುಕೊಳ್ಳುತ್ತದೆ. ಎಣಿಸುತ್ತಾ ತಿರುಗಿಸು. ಮುಗಿಯುವ ಮುನ್ನ ಕರಕರ ಸದ್ದು ಮೆತ್ತಗಾಗುತ್ತದೆ, ಆಮೇಲೆ ನೀರು ಉಕ್ಕುತ್ತದೆ. ಒಮ್ಮೆಗೇ ಮೇಲೆಳೆದರೆ ಪುಡಿ ಹೊರಬರುತ್ತದೆ. ಉಳಿದ ಪುಡಿ ತೆಗೆಯಲು ಸಾಧನ ಕೊಳ್ಳಬೇಕಿಲ್ಲ, ಎಣ್ಣೆಯಿಂದ ಮಿರ್ಚಿ ಎತ್ತುವ ಝಾರಾ ಸಾಕು. ನಾನು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಕೊಂಡದ್ದನ್ನು ಇನ್ನೂ ಬಳಸುತ್ತೇನೆ. ಬ್ಲೇಡಿಗೆ ಮಣ್ಣು, ಮರಳು ತಾಗಿಸಬೇಡ. ಮತ್ತೆ ಹೆಪ್ಪುಗಟ್ಟಿದ ಹಳೆಯ ರಂಧ್ರಕ್ಕೂ ನುಣುಪು ಬ್ಲೇಡ್ ಇಡಬೇಡ, ಕಚ್ಚಿಕೊಂಡು ಅಲುಗಾಡುತ್ತದೆ. ಒಂದಡಿಯವರೆಗೆ ಕೈಗೆ ಕಷ್ಟವಿಲ್ಲ. ಜನವರಿ ಕೊನೆಯಲ್ಲಿ ಎರಡಡಿಯಾದಾಗ, ಹತ್ತು ಕಡೆ ಕೊರೆದು ಮೀನಿನ ಜಾಗ ಹುಡುಕುವ ಆಸೆ ಹುಟ್ಟಿದಾಗ ಡ್ರಿಲ್ಲಿನ ಮಾತು ಬರಲಿ. ಆಗಲೂ ಅಳೆಯುವುದನ್ನು ಬಿಡಬೇಡ.

ಅಳತೆ ಇಷ್ಟು ನೆನಪಿಟ್ಟುಕೋ. ನಡೆಯಲು ಸ್ವಚ್ಛವಾದ, ಗಟ್ಟಿಯಾದ ಹೊಸ ಹೆಪ್ಪು ನಾಲ್ಕು ಇಂಚಾದರೂ ಬೇಕು. ಹಿಮ ಬೆರೆತ ಬಿಳಿಯ ಹೆಪ್ಪಿಗೆ ಅರ್ಧ ಬಲ, ಅದಕ್ಕೆ ಅಳತೆ ಇಮ್ಮಡಿ ಮಾಡು. ಕಾರನ್ನು ಈ ವರ್ಷ ದಂಡೆಯಲ್ಲೇ ನಿಲ್ಲಿಸು. ಹೆಪ್ಪು ಒಂದು ಕಡೆ ಎಂಟು ಇಂಚು ಇದ್ದಲ್ಲಿಂದ ಐವತ್ತು ಹೆಜ್ಜೆ ಆಚೆ ಮೂರಿರಬಹುದು. ತೊರೆ ಬಂದು ಸೇರುವಲ್ಲಿ, ಸೇತುವೆಯ ಕೆಳಗೆ, ಜೊಂಡಿನ ಹತ್ತಿರ ಹೋಗಲೇಬೇಡ. ಕಬ್ಬಿಣದ ಉದ್ದ ಹಾರೆಯಿಂದ ಮುಂದೆ ಕುಟ್ಟುತ್ತಾ ನಡೆ. ಮರದ ಹಿಡಿಯ ಎರಡು ಮೊಳೆಗಳು ದಾರಕ್ಕೆ ಕಟ್ಟಿದಂತೆ ಸಿಗುತ್ತವೆ, ಬಿದ್ದರೆ ಹೆಪ್ಪಿಗೆ ಚುಚ್ಚಿ ಮೈ ಎಳೆದುಕೊಳ್ಳಲು. ಅವನ್ನು ಕೊರಳಿಗೆ ಹಾಕಿಕೋ, ಚೀಲದಲ್ಲಿ ಇಡಬೇಡ. ಗುಡಾರದೊಳಗೆ ಹೀಟರ್ ಹಚ್ಚಿದರೆ ಗಾಳಿಗೆ ಕಿಂಡಿ ತೆರೆದಿಡು. ಒಬ್ಬನೇ ಹೋಗಬೇಡ. ಮೀನಿನ ಪರವಾನಗಿ ಮಾಡಿಸಿಕೋ. ಅರವತ್ತು ದಿನ ವಾಸವಾಗಿದ್ದರೆ ನಿವಾಸಿಯ ದರ, ಚಳಿಗಾಲದಲ್ಲಿ ಒಬ್ಬನಿಗೆ ಎರಡು ಗಾಳ.

ಕೈಬೈರಿಗೆ ಕೊಳ್ಳುವುದೂ ಬೇಡ. ಮುದುಕರು ಕೊಟ್ಟದ್ದು ನನ್ನ ಗ್ಯಾರೇಜಿನಲ್ಲಿದೆ, ಹೊಸ ಬ್ಲೇಡ್ ಹಾಕಿದ್ದೇನೆ, ಬಂದು ತೆಗೆದುಕೊಂಡು ಹೋಗು. ಹಳೆಯ ಬ್ಲೇಡುಗಳನ್ನು ಕೇಳಬೇಡ, ಅವುಗಳನ್ನು ಬೇರೆ ಇಟ್ಟಿದ್ದೇನೆ. ಅಪ್ಪನ ಸಾಣೆಕಲ್ಲನ್ನು ಈ ಸಲ ಸೂಟ್‌ಕೇಸಿಗೆ ಹಾಕಿಕೊಂಡೆ. ಅವ್ವ ತೂಕ ನೋಡಿ, ಅಲ್ಲಿ ಕಲ್ಲು ಸಿಗುವುದಿಲ್ಲವೇ ಎಂದು ಬೈದು, ಗುರೆಳ್ಳು ಚಟ್ನಿಯ ಒಂದು ಡಬ್ಬಿಯನ್ನು ಹೊರಗೆ ತೆಗೆದಳು. ಜನವರಿ ಮೊದಲ ವಾರದಲ್ಲಿ ಹೊರಡುತ್ತೇನೆ. ಗದಗಿನಿಂದ ಏನಾದರೂ ತರಬೇಕಿದ್ದರೆ ಬೇಗ ತಿಳಿಸು, ಒಂದು ಕಿಲೋದೊಳಗೆ ಇರಲಿ.