ಮುತ್ತಜ್ಜನಿಗೆ ಹೆಂಡಿರು ಒಬ್ಬರೋ ಇಬ್ಬರೋ? ಹಳೆ ಪತ್ರಗಳಲ್ಲಿ ಪತ್ತೆ ಹಚ್ಚುವುದು

ನೀವು ಹಾಕಿರುವ ಎರಡು ನಕಲುಗಳನ್ನೂ ನೋಡಿದೆ. ಬೇರೆಯವರಿಗೂ ತಿಳಿಯಲೆಂದು ಪ್ರಶ್ನೆಯನ್ನು ಮೊದಲು ಹೇಳಿಬಿಡುತ್ತೇನೆ. ಊರು ಮಂಡ್ಯದ ಕಡೆ. 1934ರ ಪಾಲುಪಾರೀಕತ್ತಿನ (ಆಸ್ತಿ ಪಾಲು ಮಾಡಿಕೊಂಡ ಪತ್ರದ) ಹೊತ್ತಿಗೆ ಮುತ್ತಜ್ಜ ಇಲ್ಲ. ಮೂವರು ಗಂಡುಮಕ್ಕಳ ವಯಸ್ಸು 30, 14, 9. ಚಿಕ್ಕವರಿಬ್ಬರಿಗೆ ಗಾರ್ಡಿಯನ್ ಆಗಿ ‘ಸುಮಾರು 35 ವರ್ಷ’ದ ಹೆಂಗಸು, ಮುತ್ತಜ್ಜನ ‘ಕೋಂ’, ಅಂದರೆ ಹೆಂಡತಿ. 1951-52ರ ಐ.ಹೆಚ್.ಸಿ. (ವಾರಸಿನ ಮೇಲೆ ಖಾತೆ ಬದಲಾವಣೆ) ನಮೂದಿನಲ್ಲಿ ಬೇರೊಂದು ಹೆಸರಿನ ಹೆಂಗಸು, ಆಕೆಯೂ ಅದೇ ಮುತ್ತಜ್ಜನ ‘ಕೋಂ’. ಆಕೆಯ ಹೆಸರಿನಲ್ಲಿದ್ದ ಒಂದು ಸರ್ವೆ ನಂಬರು ಹಿರಿಯ ಮಗನೊಬ್ಬನಿಗೇ ಹೋಗಿದೆ. ಮನೆಯವರು ಮಾತ್ರ ‘ಒಬ್ಬಳೇ ಹೆಂಡತಿ, ಎರಡು ಹೆಸರು’ ಅನ್ನುತ್ತಾರೆ. ಹೆಸರುಗಳನ್ನು ನೀವು ಮರೆಮಾಡಿದ್ದೀರಿ, ಒಳ್ಳೆಯದೇ. ಮೊದಲಾಕೆಯನ್ನು ಚೆನ್ನಮ್ಮ, ಎರಡನೆಯಾಕೆಯನ್ನು ಪುಟ್ಟಮ್ಮ ಅಂತ ಇಟ್ಟುಕೊಳ್ಳೋಣ.

ಮದುವೆಯ ದಾಖಲೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಸಿಗುವುದಿಲ್ಲ, ಅದರ ಹಿಂದೆ ಬೀಳಬೇಡಿ. ಆ ಕಾಲದಲ್ಲಿ ಹಳ್ಳಿಯ ಹಿಂದೂ ಮದುವೆಯನ್ನು ಯಾರೂ ನೋಂದಾಯಿಸುತ್ತಿರಲಿಲ್ಲ. ಕಾಗದ ಹುಟ್ಟುತ್ತಿದ್ದದ್ದು ಯಾರಾದರೂ ಸತ್ತಾಗ, ಪಾಲಾದಾಗ, ಜಗಳವಾದಾಗ. ಹುಡುಕಬೇಕಾದ್ದು ಅಲ್ಲಿ.

ಮೊದಲು ಮನೆಯಲ್ಲೇ ಕೂತು ವಯಸ್ಸಿನ ಲೆಕ್ಕ ಹಾಕಿ. ಚೆನ್ನಮ್ಮ 1934ರಲ್ಲಿ 35 ಅಂದರೆ ಹುಟ್ಟಿದ್ದು 1899ರ ಸುಮಾರಿಗೆ. ಹಿರಿಯ ಮಗ ಹುಟ್ಟಿದ್ದು 1904ರ ಸುಮಾರಿಗೆ. ಐದು ವರ್ಷದ ಹುಡುಗಿ ತಾಯಿಯಾಗಲಾರಳು. ಆದರೆ ಇಷ್ಟಕ್ಕೇ ತೀರ್ಮಾನ ಬೇಡ. ಆಗಿನ ಪತ್ರ ಬರಹಗಾರರು ಹೆಂಗಸರ ವಯಸ್ಸನ್ನು ಮುಖ ನೋಡಿ ಬರೆಯುತ್ತಿದ್ದರು, ಹತ್ತು ವರ್ಷ ಆಚೀಚೆ ಆಗುವುದು ಹೊಸದಲ್ಲ. ಆಕೆಗೆ ನಿಜವಾಗಿ 45 ಆಗಿದ್ದರೆ 15ಕ್ಕೆ ಹಿರಿಯ ಮಗ, 36ಕ್ಕೆ ಕಿರಿಯ ಮಗ. ಆ ಕಾಲಕ್ಕೆ ಇದೂ ಸಾಧ್ಯವೇ. ಮೊದಲ ಮಗನಿಗೂ ಎರಡನೆಯವನಿಗೂ ನಡುವೆ 16 ವರ್ಷದ ಅಂತರ ಇರುವುದು ಅನುಮಾನವನ್ನು ಬಲಪಡಿಸುತ್ತದೆ, ಆದರೆ ನಡುವೆ ಹುಟ್ಟಿ ತೀರಿಕೊಂಡ ಮಕ್ಕಳನ್ನು ಯಾವ ಪತ್ರವೂ ಬರೆಯುವುದಿಲ್ಲ.

ಪತ್ರದಲ್ಲೇ ಇನ್ನೊಂದು ಸುಳಿವಿದೆ. ಹಿರಿಯ ಮಗನ ಹೆಸರಿನ ಮುಂದೆ ಬರೀ ‘ಬಿನ್ ಲೇಟ್’ ಇಂಥವರು (ತೀರಿಕೊಂಡ ಇಂಥವರ ಮಗ) ಅಂತಿದೆ. ಚಿಕ್ಕವರಿಬ್ಬರ ಮುಂದೆ ಮಾತ್ರ ‘ಮೈನರ್ ಗಾರ್ಡಿಯನ್ ತಾಯಿ ಚೆನ್ನಮ್ಮ’. ಪತ್ರದ ನಡುಭಾಗದಲ್ಲಿ, ಷೆಡ್ಯೂಲಿಗೆ (ಸ್ವತ್ತಿನ ಪಟ್ಟಿಗೆ) ಮುಂಚೆ, ‘ನಮ್ಮ ತಾಯಿಯವರಾದ’ ಅಂತ ಮೂವರೂ ಸೇರಿ ಹೇಳಿದ್ದಾರೋ, ‘ನಮ್ಮ ಚಿಕ್ಕಮ್ಮನವರಾದ’ ಅಂತ ಹಿರಿಯವನು ಹೇಳಿದ್ದಾನೋ ನೋಡಿ. ನೀವು ಹಾಕಿರುವುದು ಮೊದಲ ಪುಟ ಮತ್ತು ಷೆಡ್ಯೂಲು ಮಾತ್ರ. ನಡುವಿನ ಪುಟಗಳೇ ಮುಖ್ಯ. ‘ಮಲತಾಯಿ’ ಎಂಬ ಪದ ಸಿಗುತ್ತದೆ ಅಂತ ಕಾಯಬೇಡಿ, ಅದನ್ನು ಯಾರೂ ಬರೆಸುತ್ತಿರಲಿಲ್ಲ. ‘ಚಿಕ್ಕಮ್ಮ’ ಅಂದರೆ ತಾಯಿಯ ತಂಗಿಯೂ ಹೌದು, ಚಿಕ್ಕಪ್ಪನ ಹೆಂಡತಿಯೂ ಹೌದು, ಅಪ್ಪನ ಎರಡನೇ ಹೆಂಡತಿಯೂ ಹೌದು. ಹೆಂಡತಿ ಸತ್ತ ಮೇಲೆ ಅವಳ ತಂಗಿಯನ್ನೇ ತರುವುದು ವಾಡಿಕೆಯಾಗಿದ್ದ ಮನೆಗಳಲ್ಲಿ ಎರಡು ಅರ್ಥವೂ ಒಬ್ಬಳಲ್ಲೇ ಕೂಡುತ್ತಿತ್ತು.

1934 ಎಂಬ ವರ್ಷಕ್ಕೂ ಬೆಲೆಯಿದೆ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನು ಬಂದದ್ದು 1933ರಲ್ಲಿ. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೂ ಪಾಲು ಬಂದದ್ದು ಅದರಿಂದ. ಹಾಗಾಗಿ ಅದರ ನಂತರದ ಪತ್ರಗಳಲ್ಲಿ ಹೆಂಗಸರ ಹೆಸರು ಹೆಚ್ಚು ಕಾಣುತ್ತದೆ. ಪುಟ್ಟಮ್ಮ ಬೇರೆ ಹೆಂಗಸಾಗಿದ್ದು 1934ರಲ್ಲಿ ಬದುಕಿದ್ದರೆ, ಹಿರಿಯ ಮಗನ ತಾಯಿ ಅಂತ ಎಲ್ಲಾದರೂ ಒಂದು ಕಡೆ, ಜೀವನಾಂಶಕ್ಕೋ ಸಾಕ್ಷಿಗೋ, ಬರಬೇಕಿತ್ತು. ನೀವು ಹಾಕಿರುವ ಪುಟಗಳಲ್ಲಂತೂ ಬಂದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. 1951-52 ಎನ್ನುವುದು ಖಾತೆ ಬದಲಾದ ವರ್ಷ, ಆಕೆ ಸತ್ತ ವರ್ಷವಲ್ಲ. ಸತ್ತು ಮೂವತ್ತು ವರ್ಷವಾದರೂ ಖಾತೆ ಸತ್ತವರ ಹೆಸರಿನಲ್ಲೇ ಇರುವುದು ಈಗಲೂ ಉಂಟು. ‘ಕೋಂ ಲೇಟ್’ ಎಂಬುದೂ ಅಷ್ಟೇ: ಬರೆಯುವ ದಿನ ಗಂಡ ಇರಲಿಲ್ಲ ಎಂದಷ್ಟೇ ಅರ್ಥ, ಗಂಡ ಮೊದಲು ಹೋದ ಹೆಂಡತಿ ಆಮೇಲೆ ಹೋದಳು ಅಂತಲ್ಲ. ಹಾಗಾಗಿ ಪುಟ್ಟಮ್ಮ 1951ರಲ್ಲೂ ಸತ್ತಿರಬಹುದು, 1918ರಲ್ಲೂ ಸತ್ತಿರಬಹುದು. 1918 ಅಂತ ಸುಮ್ಮನೆ ಹೇಳುತ್ತಿಲ್ಲ. ಆ ವರ್ಷದ ಇನ್‌ಫ್ಲುಯೆಂಜಾ ಮೈಸೂರು ಸೀಮೆಯ ಹಳ್ಳಿಹಳ್ಳಿಯನ್ನೂ ಹೊಕ್ಕಿತ್ತು, ಮುತ್ತಜ್ಜನ ಎರಡನೆಯ ಮಗ ಹುಟ್ಟಿದ್ದು 1920ರ ಸುಮಾರಿಗೆ. ಇದು ಊಹೆ, ಆದರೆ ಪರೀಕ್ಷಿಸಬಹುದಾದ ಊಹೆ.

ನನ್ನ ಲೆಕ್ಕದಲ್ಲಿ ಗಂಟು ಬಿಚ್ಚುವುದು ಒಂದೇ ಪ್ರಶ್ನೆಯಿಂದ: ಆ ಸರ್ವೆ ನಂಬರು ಪುಟ್ಟಮ್ಮನ ಹೆಸರಿಗೆ ಬಂದದ್ದು ಹೇಗೆ?

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಗ್ರಾಮ, ಹೋಬಳಿ, ಹಳೆ ಸರ್ವೆ ನಂಬರು ಬರೆದು ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ಮತ್ತು ಆ ಐ.ಹೆಚ್.ಸಿ. ನಂಬರಿನ ದೃಢೀಕೃತ ನಕಲು ಕೇಳಿ. ಐ.ಎಲ್.ನಲ್ಲಿ ಸರ್ವೆ ನಂಬರಿನ ಎದುರು ಆರ್.ಆರ್. ನಂಬರು ಸಿಗುತ್ತದೆ, ಆರ್.ಆರ್.ನಲ್ಲಿ ಹಕ್ಕು ಹೇಗೆ ಬಂತು ಎಂಬುದು ಇರುತ್ತದೆ: ಪಿತ್ರಾರ್ಜಿತ, ಕ್ರಯ, ದಾನ, ವಿಭಾಗ. ನೋಂದಣಿ ಪತ್ರವಿದ್ದರೆ ಅದರ ನಂಬರು, ತಾರೀಖು ಕೂಡ. ಸರ್ಕಾರದ ‘ಭೂಮಿ’ ತಂತ್ರಾಂಶದ ಆನ್‌ಲೈನ್ ಪಹಣಿಯಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ, ಅಲ್ಲಿ ಸಿಗುವುದು 2000ದ ಈಚಿನದು. ಪೋಡಿಯಾಗಿದ್ದರೆ (ಸರ್ವೆ ನಂಬರು ಒಡೆದು ಭಾಗವಾಗಿದ್ದರೆ) ಈಗಿನ ಹಿಸ್ಸಾ ನಂಬರು ಕೊಟ್ಟರೆ ‘ದಾಖಲೆ ಇಲ್ಲ’ ಅಂತ ಹಿಂಬರಹ ಬರುತ್ತದೆ. ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ನೋಡಿ ಮೂಲ ನಂಬರನ್ನೇ ಬರೆಯಿರಿ. ಐ.ಹೆಚ್.ಸಿ.ಯ ಕಡತ (ವಾರಸುದಾರರ ಹೇಳಿಕೆ, ಮಹಜರು) ಸಿಕ್ಕರೆ ಅದೃಷ್ಟ. ಸಿಗದಿದ್ದರೂ ರಿಜಿಸ್ಟರಿನ ಷರಾ (ಟಿಪ್ಪಣಿ) ಕಾಲಂ ಬಿಡಬೇಡಿ.

ಆರ್.ಆರ್.ನಲ್ಲಿ ದಾನ ಅಂತ ಬಂದರೆ, ಅದೂ ಅವಳ ಅಪ್ಪ ಅಥವಾ ಅಣ್ಣ ಕೊಟ್ಟದ್ದು ಅಂತ ಬಂದರೆ, ಅದು ತವರಿನವರು ಅರಿಶಿನ ಕುಂಕುಮಕ್ಕೆ ಕೊಟ್ಟ ಜಮೀನು. ಆಗ ಎಲ್ಲ ಕೂಡಿಬರುತ್ತದೆ: ಅದು ಮನೆತನದ ಸ್ವತ್ತಲ್ಲದ್ದರಿಂದ 1934ರ ಪಾಲಿನಲ್ಲಿ ಸೇರಲಿಲ್ಲ, ಅವಳು ಹೆತ್ತ ಮಗ ಒಬ್ಬನೇ ಆದ್ದರಿಂದ ಅವನೊಬ್ಬನಿಗೇ ಹೋಯಿತು. ಮುತ್ತಜ್ಜನೇ ಬರೆದುಕೊಟ್ಟ ಜೀವನಾಂಶ ಪತ್ರ ಅಂತ ಬಂದರೆ ಕಥೆ ಬೇರೆ. ಪುಟ್ಟಮ್ಮ ಬೇರೆ ಇದ್ದಳು, ಅವಳು ಬದುಕಿದ್ದಾಗಲೇ ಚೆನ್ನಮ್ಮ ಸವತಿಯಾಗಿ ಬಂದಳು. ಹಳೆ ಮೈಸೂರಿನಲ್ಲಿ ಹಿಂದೂಗಳಿಗೆ ಇದಕ್ಕೆ ಕಾನೂನಿನ ತಡೆ ಬಂದದ್ದು 1955ರ ಮೇ 18ರಂದು, ಹಿಂದೂ ವಿವಾಹ ಕಾಯ್ದೆಯೊಂದಿಗೆ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರಿಗೆ 1946ರಲ್ಲೇ, ಮದ್ರಾಸಿನ ಕೆಳಗಿದ್ದ ದಕ್ಷಿಣ ಕನ್ನಡ, ಬಳ್ಳಾರಿಯವರಿಗೆ 1949ರಲ್ಲಿ ತಡೆ ಬಂದಿತ್ತು. ಆ ತಾರೀಖುಗಳ ನಂತರದ ಎರಡನೇ ಮದುವೆಯಾದರೆ ಕಾಗದದಲ್ಲಿ ಬೇಕೆಂದೇ ಮುಚ್ಚಿರುತ್ತಾರೆ. ಹುಡುಕುವ ರೀತಿಯೇ ಬೇರೆಯಾಗುತ್ತದೆ.

ಮೂರನೆಯ ಸಾಧ್ಯತೆಯನ್ನು ಮರೆಯಬೇಡಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಿ ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ದಾಯಾದಿಗಳು ಇರುತ್ತಾರೆ. ಪುಟ್ಟಮ್ಮ ಬೇರೊಬ್ಬ ದಾಯಾದಿಯ ಹೆಂಡತಿ, ಮಕ್ಕಳಿಲ್ಲದೆ ಹೋಗಿ ಜಮೀನು ನಿಮ್ಮ ಕವಲಿಗೆ ಬಂದಿರಬಹುದು. ಇದನ್ನು ಬಿಡಿಸುವುದು ಗಂಡನ ಹೆಸರಿನಿಂದಲ್ಲ, ಗಂಡನ ತಂದೆಯ ಹೆಸರು ಮತ್ತು ಚೆಕ್ಕುಬಂದಿಯಿಂದ. ನಾಲ್ಕು ದಿಕ್ಕಿನಲ್ಲಿ ಯಾರ ಜಮೀನು ಅಂತ 1934ರ ಷೆಡ್ಯೂಲಿನ ಜೊತೆ ಹೋಲಿಸಿ. ನಿಮ್ಮ ಮನೆತನದ ಜಮೀನುಗಳ ನಡುವೆ ಇದ್ದರೆ ಒಂದು ಅರ್ಥ, ಪಕ್ಕದ ಊರಿನ ಎಲ್ಲೆಯಲ್ಲಿ ಯಾರೋ ಬೇರೆಯವರ ನಡುವೆ ಇದ್ದರೆ ಅದು ತವರಿನ ಕಡೆಯ ಜಮೀನಾಗಿರುವ ಸಂಭವ ಹೆಚ್ಚು.

ಮುಂದಿನದು ಸಬ್ ರಿಜಿಸ್ಟ್ರಾರ್ ಕಚೇರಿ. ಇ.ಸಿ. (ಋಣಭಾರ ಪತ್ರ) ಹುಡುಕುವುದು ಸ್ವತ್ತಿನ ಮೇಲೆ, ನಿಮಗೆ ಬೇಕಿರುವುದು ಹೆಸರಿನ ಮೇಲಿನ ಹುಡುಕಾಟ. ಒಂದನೇ ಪುಸ್ತಕದ (ಸ್ಥಿರಾಸ್ತಿ ಪತ್ರಗಳ ರಿಜಿಸ್ಟರಿನ) ಹೆಸರಿನ ಸೂಚಿ ಕೇಳಿ, 1900ರಿಂದ 1934ರವರೆಗೆ ಮುತ್ತಜ್ಜನ ಹೆಸರು, ಇಬ್ಬರು ಹೆಂಗಸರ ಹೆಸರು, ಮೂರನ್ನೂ ನೋಡಿಸಿ. ವರ್ಷಕ್ಕಿಷ್ಟು ಎಂದು ಶುಲ್ಕವಿರುವುದರಿಂದ ಮೊದಲು 1915ರಿಂದ 1925 ಸಾಕು. ಒಂದನೇ ಪುಸ್ತಕ ಯಾರು ಬೇಕಾದರೂ ನೋಡಬಹುದು. ಮೂರನೇ ಪುಸ್ತಕದ ಉಯಿಲುಗಳ ನಕಲು, ಬರೆದವರು ತೀರಿಕೊಂಡ ಮೇಲೆ, ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ನಾಲ್ಕನೆಯದು (ಇತರ ಪತ್ರಗಳದು) ಮಾತ್ರ ಪತ್ರಕ್ಕೆ ಸಂಬಂಧಪಟ್ಟವರಿಗೆ ಅಥವಾ ಅವರ ಪ್ರತಿನಿಧಿಗೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚಿನ ಪತ್ರಗಳಲ್ಲಿ ಮೈಸೂರು ಜಿಲ್ಲೆ ಅಂತಲೇ ಇರುತ್ತದೆ, ಊರು ಆಗ ಬೇರೆ ಕಚೇರಿಯ ವ್ಯಾಪ್ತಿಯಲ್ಲಿದ್ದಿರಲೂಬಹುದು. ಜಮೀನು ಪಕ್ಕದ ತಾಲ್ಲೂಕಿನಲ್ಲಿದ್ದರೆ ಪತ್ರ ಆಗಿರುವುದು ಅಲ್ಲಿ.

ಪತ್ರ ಸಿಕ್ಕಿದರೆ ಕೊನೆಯ ಪುಟ ಮೊದಲು ಓದಿ. ಬಿಕ್ಕಲಂ (ಪತ್ರ ಬರೆದವರು) ಯಾರು, ಸಾಕ್ಷಿ ಯಾರು. ಹೆಂಗಸು ಹೆಬ್ಬೆಟ್ಟು ಒತ್ತಿದ ಪತ್ರಕ್ಕೆ ಸಾಮಾನ್ಯವಾಗಿ ತವರಿನ ಅಣ್ಣನೋ ತಮ್ಮನೋ ಸಾಕ್ಷಿ ಹಾಕಿರುತ್ತಾನೆ, ಅವನ ಊರೇ ಅವಳ ತವರು. ಚೆನ್ನಮ್ಮನ ಸಾಕ್ಷಿಯ ಊರು, ಪುಟ್ಟಮ್ಮನ ಸಾಕ್ಷಿಯ ಊರು ಬೇರೆಬೇರೆಯಾದರೆ ಇಬ್ಬರು ಹೆಂಗಸರು ಅಂತ ಅರ್ಧ ತೀರ್ಮಾನವಾದಂತೆ. ಒಂದೇ ಊರಾದರೆ ಅಕ್ಕತಂಗಿಯರೂ ಇರಬಹುದು, ಒಬ್ಬಳೇ ಇರಬಹುದು. ಆಗ ಉಳಿಯುವುದು ಹೆಬ್ಬೆಟ್ಟು. ಹೆಸರು ಎರಡಿರಬಹುದು, ಹೆಬ್ಬೆಟ್ಟು ಎರಡಿರದು. ಇಬ್ಬರ ಹೆಸರಿನ ಒಂದೊಂದು ಮೂಲ ಪತ್ರ ಸಿಕ್ಕರೆ, ಅಚ್ಚು ಕದಡಿಲ್ಲದಿದ್ದರೆ, ಬೆರಳಚ್ಚು ತಜ್ಞರು ಹೇಳಬಲ್ಲರು. ಎಡಗೈಯದೋ ಬಲಗೈಯದೋ ಎಂದು ಪಕ್ಕದಲ್ಲಿ ಬರೆದಿರುತ್ತದೆ, ಬೇರೆಬೇರೆ ಕೈಯದಾದರೆ ಹೋಲಿಕೆ ಆಗದು. ದೃಢೀಕೃತ ನಕಲಿನಲ್ಲಿ ಹೆಬ್ಬೆಟ್ಟು ಇರುವುದಿಲ್ಲ, ‘ಇಂಥವರ ಗುರುತು’ ಅಂತ ಬರಹ ಮಾತ್ರ. ಅದಕ್ಕೇ ಹಳೆ ಟ್ರಂಕಿನ ಮೂಲ ಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ.

ಜನನ ಮರಣ ರಿಜಿಸ್ಟರಿನಲ್ಲಿ 1918ರ ಸೆಪ್ಟೆಂಬರಿನಿಂದ ಡಿಸೆಂಬರ್ ಪುಟಗಳು ಉಳಿದಿವೆಯೇ ಎಂದು ಕೇಳಿ. ಆಗ ಬರೆದುಕೊಳ್ಳುತ್ತಿದ್ದವರು ಪಟೇಲ, ಶಾನುಭೋಗರು. ಹೆಂಗಸಿನ ಹೆಸರಿಗಿಂತ ‘ಇಂಥವನ ಹೆಂಡತಿ’ ಅಂತ ಸಿಗುವುದೇ ಹೆಚ್ಚು, ಹಾಗಾಗಿ ಗಂಡನ ಹೆಸರಿನಲ್ಲಿ ಹುಡುಕಿಸಿ. ಸಿಗದಿದ್ದರೆ ಅಲಭ್ಯತಾ ಪತ್ರ ಕೊಡುತ್ತಾರೆ; ಪುಟ ಹರಿದುಹೋಗಿದ್ದರೂ ಅದೇ ಪತ್ರ ಬರುವುದರಿಂದ ಅದನ್ನು ‘ಸಾವು ಆಗಿಲ್ಲ’ ಎಂಬುದಕ್ಕೆ ಆಧಾರ ಮಾಡಿಕೊಳ್ಳಬೇಡಿ.

ಮನೆಯ ಹಿರಿಯರನ್ನು ಕೇಳುವ ರೀತಿಯೂ ಬದಲಾಗಲಿ. ‘ತಾತನಿಗೆ ಎಷ್ಟು ಹೆಂಡಿರು’ ಅಂದರೆ ಒಬ್ಬಳೇ ಅನ್ನುತ್ತಾರೆ. ಹಿರಿಯರ ಹಬ್ಬದಲ್ಲಿ ಎಡೆಗೆ ಎಷ್ಟು ಸೀರೆ ಇಡುತ್ತಾರೆ, ಯಾರ್ಯಾರ ಹೆಸರಿನಲ್ಲಿ ಅಂತ ಕೇಳಿ. ಗಂಡನಿಗಿಂತ ಮೊದಲು ಹೋದ ಮುತ್ತೈದೆಗೆ ಬೇರೆಯಾಗಿ ಅರಿಶಿನ ಕುಂಕುಮ, ಬಳೆ ಇಡುವ ರೂಢಿ ಇದೆಯೇ ಅಂತ ಕೇಳಿ. ಶ್ರಾದ್ಧ ಮಾಡುವ ಮನೆತನಗಳಲ್ಲಿ ಇದು ಇನ್ನೂ ಸ್ಪಷ್ಟ: ಪಿತೃಪಕ್ಷದ ಅವಿಧವಾ ನವಮಿ ಮುತ್ತೈದೆಯಾಗಿ ಹೋದವಳಿಗೆ, ತರ್ಪಣದ ಪಟ್ಟಿಯಲ್ಲಿ ‘ಸಾಪತ್ನಮಾತೃ’ ಅಂತ ಬಂದರೆ ಅದು ಮಲತಾಯಿ. ಕಾಗದ ಮರೆಮಾಚಿದ್ದನ್ನು ಎಡೆ ಮರೆಮಾಚುವುದಿಲ್ಲ. ನಿಮ್ಮ ಕುಲಕ್ಕೆ ಹೆಳವರು (ಮನೆತನಗಳ ವಂಶಾವಳಿ ಹೇಳುವವರು) ಬರುವುದಿದ್ದರೆ ಅವರ ಪುಸ್ತಕವನ್ನೂ ಓದಿಸಿ; ಅವರ ಒತ್ತು ಗಂಡು ಸಂತತಿಯ ಮೇಲೆ, ಆದರೂ ದಾಯಾದಿಗಳಲ್ಲಿ ಅದೇ ಹೆಸರಿನವರು ಎಷ್ಟು ಜನ ಎಂಬುದಾದರೂ ಬಗೆಹರಿಯುತ್ತದೆ.

ಜಾತಕವೋ ಮುಯ್ಯಿ ಪಟ್ಟಿಯೋ ಸಿಕ್ಕಿ ಅದರಲ್ಲಿ ಬರೀ ಸಂವತ್ಸರ ಇದ್ದರೆ 60 ವರ್ಷದ ಸುತ್ತು ನೆನಪಿಡಿ. ರೌದ್ರಿ ಅಂದರೆ 1920-21, ಇಲ್ಲವೇ 1860-61. ಜೊತೆಗೆ ಶಕ ವರ್ಷವಿದ್ದರೆ 78 ಕೂಡಿಸಿ ತಾಳೆ ನೋಡಿ, ಶಕ 1842 ಅಂದರೆ 1920. ‘ಧಾತು ಈಶ್ವರದ ಬರದಲ್ಲಿ ಹುಟ್ಟಿದವರು’ ಎಂಬ ಮಾತು ಬಂದರೆ ಅದು 1876-78.

ಮೇಲೆ ಒಬ್ಬರು ‘ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಎಲ್ಲ ಗೊತ್ತಾಗುತ್ತದೆ’ ಎಂದಿದ್ದಾರೆ. ಅದು ನೀವು ಹೇಳಿದ್ದನ್ನೇ, ನಿಮ್ಮ ಅಫಿಡವಿಟ್ ಮೇಲೆ, ಅಚ್ಚು ಹಾಕಿ ಕೊಡುವ ಕಾಗದ. ಖಾತೆ ಕೆಲಸಕ್ಕೆ ಬೇಕು, ಹುಡುಕಾಟಕ್ಕೆ ಬೇಡ. ಈ ಹಂತದಲ್ಲಿ ಒಬ್ಬಳೇ ಮುತ್ತಜ್ಜಿ ಅಂತ ಬರೆಸಿಬಿಟ್ಟರೆ ಮುಂದೆ ಅದೇ ಕಾಗದ ನಿಮ್ಮ ವಿರುದ್ಧ ನಿಲ್ಲುತ್ತದೆ.

ಸದ್ಯಕ್ಕೆ ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ವರ್ಷ, ಹೆಂಗಸಿನ ಹೆಸರು, ‘ಕೋಂ’ ಇದೆಯೋ ‘ಕೋಂ ಲೇಟ್’ ಇದೆಯೋ, ವಯಸ್ಸು, ಸಾಕ್ಷಿಯ ಊರು. ಈಗ ಎರಡೇ ಸಾಲು ತುಂಬುತ್ತದೆ. ಆರ್.ಆರ್. ನಕಲು ಬಂದ ಮೇಲೆ ಮೂರನೆಯದು. ಅದನ್ನೂ 1934ರ ಪತ್ರದ ನಡುವಿನ ಪುಟಗಳನ್ನೂ ಇಲ್ಲೇ ಹಾಕಿ. ಶಾನುಭೋಗರ ಮೋಡಿ (ಕೂಡಿಸಿ ಬರೆದ) ಅಕ್ಷರ ಓದಲು ಆಗದಿದ್ದರೆ ಬೆಳಕು ಪಕ್ಕದಿಂದ ಬೀಳುವ ಹಾಗೆ ಫೋಟೋ ತೆಗೆಯಿರಿ, ಫ್ಲ್ಯಾಶ್ ಬೇಡ.