ಬೋರ್ಡಿನ ಹೆಸರಲ್ಲ, ಗೆರೆ ಎಲ್ಲಿದೆ ನೋಡಿ: ಅಳಿವೆ, ಹೊಳೆದಂಡೆ, ಸೊಪ್ಪಿನಬೆಟ್ಟದ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಕುಮಟಾ ತಾಲೂಕು. ಮನೆಯ ಹೆಂಗಸರು ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ತೆಗೆದು ಮಾರುತ್ತಾರೆ. ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದೆ, ಇನ್ನು ಅಭಯಾರಣ್ಯದ ಹಾಗೆ ಮಾಡಿ ನೀರಿಗೆ ಇಳಿಯಲೂ ಬಿಡುವುದಿಲ್ಲ ಅಂತ ಊರಲ್ಲಿ ಮಾತು. ನಿಜವೇ?

ಇಲ್ಲ, ಹೆದರಬೇಡಿ. ರಾಮ್ಸಾರ್ ಅಂದರೆ ಇರಾನಿನ ಒಂದು ಊರು. ಜೌಗು ಪ್ರದೇಶಗಳನ್ನು ಉಳಿಸಿಕೊಳ್ಳುವ ಬಗ್ಗೆ 1971ರಲ್ಲಿ ಅಲ್ಲಿ ದೇಶಗಳ ನಡುವೆ ಒಪ್ಪಂದ ಆಯಿತು. ಭಾರತ ಸೇರಿದ್ದು 1982ರಲ್ಲಿ. ಕರ್ನಾಟಕದಿಂದ ಈ ಪಟ್ಟಿಗೆ ಮೊದಲು ಹೋದದ್ದು ರಂಗನತಿಟ್ಟು, 2022ರಲ್ಲಿ. ಆಮೇಲೆ 2024ರ ಜನವರಿಯಲ್ಲಿ ಅಂಕಸಮುದ್ರ, ಮಾಗಡಿ ಕೆರೆಗಳ ಜೊತೆ ನಿಮ್ಮ ಅಳಿವೆಯ 4,801 ಹೆಕ್ಟೇರ್ ಸೇರಿತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಜಾಗ ಅಭಯಾರಣ್ಯ ಆಗುವುದಿಲ್ಲ. ಅಭಯಾರಣ್ಯ ಆಗಬೇಕಾದರೆ 1972ರ ವನ್ಯಜೀವಿ ಕಾಯ್ದೆಯಡಿ ಬೇರೆಯದೇ ಅಧಿಸೂಚನೆ ಬರಬೇಕು. ರಾಮ್ಸಾರ್ ಒಪ್ಪಂದ ಕೇಳುವುದು ಜಾಗ ಕೆಡದ ಹಾಗೆ ಬಳಸಿ ಅಂತ. ಬಳಸಲೇಬೇಡಿ ಅಂತ ಎಲ್ಲೂ ಹೇಳುವುದಿಲ್ಲ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಲ್ಲಿ ನಿಂತು, ಕಾಲ್ಬೆರಳಲ್ಲೇ ಕೆಸರು ತಡವಿ, ಚಿಪ್ಪು ಸಿಕ್ಕ ಕೂಡಲೇ ಬಗ್ಗಿ ಬುಟ್ಟಿಗೆ ಹಾಕುವ ಹೆಂಗಸರನ್ನು ನಾನು ಅಲ್ಲಿ ನಿಂತು ನೋಡಿದ್ದೇನೆ. ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವುದೂ ಗೊತ್ತು, ಸಾಣಿಕಟ್ಟೆಯ ಉಪ್ಪೂ ಗೊತ್ತು. ಇದೆಲ್ಲ ಇರುವುದರಿಂದಲೇ ಆ ಅಳಿವೆಗೆ ಬೆಲೆ.

ಇನ್ನೊಂದು ಮಾತು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ನಮ್ಮ ದೇಶದ 2017ರ ಜೌಗು ಪ್ರದೇಶಗಳ ನಿಯಮ ರಾಮ್ಸಾರ್ ತಾಣಗಳಿಗೆ ಅನ್ವಯ ಅನ್ನುತ್ತದೆ. ಹಾಗಂದು, ಅರಣ್ಯ ಕಾಯ್ದೆ, ವನ್ಯಜೀವಿ ಕಾಯ್ದೆ, ಕರಾವಳಿ ನಿಯಂತ್ರಣ ವಲಯಕ್ಕೆ (ಸಿಆರ್‌ಝಡ್, ಅಂದರೆ ಸಮುದ್ರ, ಅಳಿವೆಗಳ ದಂಡೆಯಲ್ಲಿ ಕಟ್ಟುವುದಕ್ಕೆ ಮಿತಿ ಇರುವ ಪಟ್ಟಿ) ಸೇರಿದ ಜಾಗಕ್ಕೆ ಮಾತ್ರ ಅನ್ವಯ ಇಲ್ಲ ಅಂತ ಅಲ್ಲೇ ಕೈತೊಳೆದುಕೊಳ್ಳುತ್ತದೆ! ಅಳಿವೆ ಅಂದರೆ ಉಬ್ಬರ ಇಳಿತದ ನೀರು. ಅದರ ಹೆಚ್ಚಿನ ಭಾಗ ಹೇಗೂ ಸಿಆರ್‌ಝಡ್ ಒಳಗೇ ಬರುತ್ತದೆ. ಹಾಗಾಗಿ ನಿಮ್ಮ ಅಳಿವೆಯನ್ನು ಕಾಯುವುದೋ ಬಿಡುವುದೋ ನಿಜವಾಗಿ ತೀರ್ಮಾನ ಆಗುವುದು ಸಿಆರ್‌ಝಡ್ ನಕ್ಷೆಯಲ್ಲಿ. ರಾಮ್ಸಾರ್ ಬೋರ್ಡು ಪ್ರವಾಸಿಗರಿಗೆ ಫೋಟೋ ಹೊಡೆದುಕೊಳ್ಳೋಕೆ ಚೆನ್ನಾಗಿದೆ ಅಷ್ಟೆ ಅಂತ ಯಾರಾದರೂ ಅಂದರೆ ನಾನು ಅರ್ಧ ಒಪ್ಪುತ್ತೇನೆ. ಇನ್ನರ್ಧ ಯಾಕೆ ಒಪ್ಪಲ್ಲ ಅಂದರೆ, ಅಳಿವೆ ಬಾಯಿಯಲ್ಲೇ ಇರುವ ತದಡಿಯಲ್ಲಿ ಒಮ್ಮೆ 4,000 ಮೆಗಾವಾಟಿನ ವಿದ್ಯುತ್ ಸ್ಥಾವರ, ಆಮೇಲೆ ಬಂದರು ಅಂತೆಲ್ಲ ಯೋಜನೆಗಳು ಬಂದಿದ್ದವು. ಮುಂದೆ ಅಂಥದ್ದು ಬಂದರೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜಾಗ ಅನ್ನುವ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಮರಿ ಬಳಚನ್ನು ವಾಪಸ್ ನೀರಿಗೆ ಬಿಡಿ. ಇದಕ್ಕೆ ಯಾವ ಕಾಯ್ದೆಯೂ ಬೇಡ.

ಪ್ರಶ್ನೆ: ಅಂಕೋಲಾ ಕಡೆ ಹೊಳೆದಂಡೆಯಲ್ಲಿ ನಮ್ಮ ಸ್ವಂತ ಜಾಗ ಇದೆ. ಹೊಳೆಯಿಂದ 60 ಮೀಟರ್ ಬಿಟ್ಟು ಮನೆ ಕಟ್ಟಬೇಕು. ಒಬ್ಬರು 100 ಮೀಟರ್ ಬಿಡಬೇಕು ಅಂತಾರೆ, ಇಂಜಿನಿಯರ್ 50 ಸಾಕು ಅಂತಾರೆ. ಯಾರನ್ನು ನಂಬೋದು?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2011ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಇದ್ದದ್ದು 100 ಮೀಟರ್. 2019ರದ್ದರಲ್ಲಿ ಅದು 50ಕ್ಕೆ ಇಳಿಯಿತು. ಎರಡರಲ್ಲೂ ಹೊಳೆಯ ಅಗಲ ಇದಕ್ಕಿಂತ ಕಡಿಮೆ ಇದ್ದರೆ ಆ ಅಗಲವೇ ಲೆಕ್ಕ. ಆದರೆ ಹೊಸ ಅಧಿಸೂಚನೆ ಬಂದ ಕೂಡಲೇ ಹೊಸ ಅಳತೆ ಜಾರಿ ಆಗುವುದಿಲ್ಲ, ಅದಕ್ಕೆ ತಕ್ಕ ನಕ್ಷೆ ಮಂಜೂರಾಗಬೇಕು. ಅಲ್ಲಿಯವರೆಗೆ ಹಳೆಯದೇ ನಡೆಯುತ್ತದೆ. ಗೊಂದಲದ ಮೂಲ ಇದೇ. ಆದ್ದರಿಂದ ನಿಮ್ಮ ಸರ್ವೆ ನಂಬರ್ ಹಿಡಿದು, ಈಗ ಜಾರಿಯಲ್ಲಿರುವ ನಕ್ಷೆ ತೋರಿಸಿ ಅಂತಲೇ ಕೇಳಿ. ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ.

ಜನ ಎಡವುವುದು ಅಳತೆ ಶುರುವಾಗುವ ಜಾಗದಲ್ಲಿ. ನೀವು ಟೇಪ್ ಹಿಡಿದದ್ದು ನೀರಿನ ಅಂಚಿನಿಂದ ಇರಬಹುದು. ಕಾನೂನು ಅಳೆಯುವುದು ದೊಡ್ಡ ಉಬ್ಬರದಲ್ಲಿ ನೀರು ಏರಿ ಮುಟ್ಟುವ ಗೆರೆಯಿಂದ. ಇಳಿತದ ಹೊತ್ತಲ್ಲಿ ಅಳೆದ 60 ಮೀಟರ್ ನಕ್ಷೆಯಲ್ಲಿ 40 ಆಗಿಬಿಡಬಹುದು. ಆ ಗೆರೆಯಿಂದಲೂ 60 ಮೀಟರ್ ಇದೆ, ಹೊಸ ನಕ್ಷೆ ಜಾರಿಯಲ್ಲಿದೆ ಅಂತಾದರೆ ಹೊಳೆಯ ಲೆಕ್ಕದಲ್ಲಿ ನೀವು ಸಿಆರ್‌ಝಡ್ ಹೊರಗೆ. ಆದರೆ ಸಮುದ್ರ 500 ಮೀಟರ್ ಒಳಗಿದ್ದರೆ ಅದರ ಲೆಕ್ಕ ಬೇರೆ.

ಹೊಳೆಯ ಮೇಲ್ಭಾಗದಲ್ಲಿ ಸಿಆರ್‌ಝಡ್ ಎಲ್ಲಿಗೆ ಮುಗಿಯುತ್ತದೆ ಅನ್ನುವುದಕ್ಕೂ ಒಂದು ಅಳತೆ ಇದೆ. ಕಡುಬೇಸಿಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೆ. ಅಲ್ಲಿಂದ ಮೇಲೆ ಅದು ಬರೀ ಹೊಳೆ.

ನಿಮ್ಮ ಜಾಗದ ಪಕ್ಕ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಎಚ್ಚರ. ಸರ್ಕಾರಿ ಜಾಗದಲ್ಲಿ 1,000 ಚದರ ಮೀಟರಿಗಿಂತ ಜಾಸ್ತಿ ಕಾಂಡ್ಲಾ ಕಾಡು ಇದ್ದರೆ ಅದರ ಸುತ್ತ ಇನ್ನೂ 50 ಮೀಟರ್ ಬಿಡಬೇಕು, ಅಲ್ಲಿ ಕಟ್ಟುವ ಹಾಗಿಲ್ಲ. ಖಾಸಗಿ ಜಾಗದ ಕಾಂಡ್ಲಾಕ್ಕೆ 2019ರಲ್ಲಿ ಈ ಅಂಚನ್ನು ತೆಗೆದುಹಾಕಿದರು. ನನ್ನ ಕೇಳಿದರೆ ಅದು ಕೆಟ್ಟ ತೀರ್ಮಾನ. ದಂಡೆಯ ಮಣ್ಣನ್ನು ಹಿಡಿದಿಡುವ ಬೇರಿಗೆ ಪಹಣಿಯಲ್ಲಿ ಯಾರ ಹೆಸರಿದೆ ಅಂತ ಗೊತ್ತಿರುತ್ತಾ? ನಾಲ್ಕು ಗಿಡ ಕಡಿದರೆ ಗೆರೆ ಆಚೆ ಸರಿಯುತ್ತೆ ಅಂತ ಯಾರಾದರೂ ಉಪದೇಶ ಕೊಟ್ಟರೆ ಕೇಳಬೇಡಿ. ನಕ್ಷೆ ಮಾಡುವುದು ಉಪಗ್ರಹದ ಚಿತ್ರ ನೋಡಿ. ಹಳೆಯ ಚಿತ್ರವೂ ಅವರ ಹತ್ತಿರ ಇರುತ್ತದೆ.

ಪ್ರಶ್ನೆ: ಸಿದ್ದಾಪುರ ತಾಲೂಕಿನ ಅಡಿಕೆ ಬೆಳೆಗಾರ ನಾನು. ನಮ್ಮ ಸುತ್ತಿನ ಕಾಡು ಮೊದಲು ಸಂರಕ್ಷಿತ ಪ್ರದೇಶ ಆಗಿತ್ತು, ಈಗ ಅಭಯಾರಣ್ಯ ಅಂತಾರೆ. ಎರಡೂ ಒಂದೇ ಅಲ್ವಾ? ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರಬಹುದೇ?

ಒಂದೇ ಅಲ್ಲ. ಬೇಜಾರಿನ ಸಂಗತಿ ಅಂದರೆ ಹೆಸರು ಬದಲಾದದ್ದು ಎಷ್ಟೋ ಜನರಿಗೆ ಗೊತ್ತೇ ಆಗಲಿಲ್ಲ. ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಮಾಡಿದರು, ಸುಮಾರು 300 ಚದರ ಕಿಲೋಮೀಟರ್. 2019ರಲ್ಲಿ ಅದನ್ನೂ, ಶರಾವತಿ ಕಣಿವೆ ಅಭಯಾರಣ್ಯವನ್ನೂ, ನಡುವಿನ ಮೀಸಲು ಅರಣ್ಯವನ್ನೂ ಸೇರಿಸಿ 930 ಚದರ ಕಿಲೋಮೀಟರಿನ ಶರಾವತಿ ಸಿಂಗಳೀಕ ಅಭಯಾರಣ್ಯ ಆಯಿತು.

ಕಾಡು ಅದೇ, ಕೋತಿ ಅದೇ, ಸೆಕ್ಷನ್ ಮಾತ್ರ ಬದಲು. ಸಂರಕ್ಷಿತ ಪ್ರದೇಶ ಅನ್ನುವುದು ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಬಂದ ಮೆದು ರೂಪ. ಸುತ್ತಲಿನ ಊರಿನವರ ಜೊತೆ ಮಾತಾಡಿಯೇ ಘೋಷಿಸಬೇಕು, ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಇರಬೇಕು. ಅಭಯಾರಣ್ಯಕ್ಕೆ 29ನೇ ಸೆಕ್ಷನ್ ಬಂದು ಕೂರುತ್ತದೆ. ಅನುಮತಿ ಇಲ್ಲದೆ ಅಲ್ಲಿಂದ ಏನೂ ತೆಗೆಯುವ ಹಾಗಿಲ್ಲ. ಹೊರತೆಗೆದ ಅರಣ್ಯ ಉತ್ಪನ್ನ ಒಳಗಿನ, ಅಕ್ಕಪಕ್ಕದ ಜನರ ಸ್ವಂತ ಬಳಕೆಗೆ ಸಿಗಬಹುದು, ವ್ಯಾಪಾರಕ್ಕೆ ಅಲ್ಲ.

ಸೊಪ್ಪಿನಬೆಟ್ಟದ ಹಕ್ಕು, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನ ಹಕ್ಕು, ನಿಮ್ಮ ತೋಟದ ಜೊತೆ ಬಂದದ್ದು. ಆ ಬೆಟ್ಟದ ಸರ್ವೆ ನಂಬರ್ ಅಧಿಸೂಚನೆಯ ಗೆರೆ ಒಳಗಿದೆಯಾ ಅಂತ ಮೊದಲು ನೋಡಿ. ಹೊರಗಿದ್ದರೆ ನಿಮ್ಮ ಬೆಟ್ಟದ ಹಳೆಯ ನಿಯಮವೇ ನಡೆಯುತ್ತದೆ. ಒಳಗಿದ್ದರೆ, ಹಕ್ಕನ್ನು ಮುಂದುವರಿಸುವ ದಾರಿ 24ನೇ ಸೆಕ್ಷನ್‌ನಲ್ಲಿ ಇದೆ. ಜಿಲ್ಲಾಧಿಕಾರಿಗೆ ಆ ಅಧಿಕಾರ ಇದೆ, ಮುಖ್ಯ ವನ್ಯಜೀವಿ ಪರಿಪಾಲಕರ ಜೊತೆ ಸಮಾಲೋಚಿಸಬೇಕು ಅಷ್ಟೆ. ಒಬ್ಬೊಬ್ಬರೇ ಹೋಗುವ ಬದಲು ಇಡೀ ಊರಿನ ಬೆಟ್ಟಗಳ ಪಟ್ಟಿ ಮಾಡಿ ಒಂದೇ ಅರ್ಜಿ ಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಬೋಟ್ ಬಂದ್, ನಾಡದೋಣಿಯವರು ಹೋಗುತ್ತಾರೆ. ಇದು ಯಾವ ನ್ಯಾಯ? ನಿಷೇಧ ಮುಗಿದ ಮೇಲೆ ಲೈಟ್ ಹಾಕಿ ಹಿಡಿಯುವವರನ್ನು ಕೇಳೋರಿಲ್ಲ. (ಮಲ್ಪೆಯಿಂದ)

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ, 10 ಅಶ್ವಶಕ್ತಿಗಿಂತ ಜಾಸ್ತಿ ಮೋಟಾರ್ ಇರುವ ದೋಣಿಗಳಿಗೆ ನಿಷೇಧ. ಎಷ್ಟೋ ಮೀನು ಮೊಟ್ಟೆ ಇಡುವ ಕಾಲ ಅದು. ನಾಡದೋಣಿ ದಡದ ಹತ್ತಿರ ಸಣ್ಣ ಬಲೆ ಬಿಟ್ಟು ತರುವುದಕ್ಕೂ ಟ್ರಾಲ್ ಬಲೆ ತಳ ಬಾಚುವುದಕ್ಕೂ ವ್ಯತ್ಯಾಸ ಇದೆ, ನಿಮಗೆ ನಾನು ಹೇಳಬೇಕಾಗಿಲ್ಲ.

ಲೈಟಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯದ್ದು. ದಡದಿಂದ 12 ನಾಟಿಕಲ್ ಮೈಲಿವರೆಗೆ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ, ಅದರಾಚೆ 200ರವರೆಗೆ ಕೇಂದ್ರದ್ದು. ಎಲ್‌ಇಡಿ ಬೆಳಕಿನ ಮೀನುಗಾರಿಕೆ ಎರಡೂ ಕಡೆ ನಿಷೇಧ. ಆದರೂ ಬೋಟ್ ಸಿಕ್ಕಿಬಿದ್ದಾಗ ಎಲ್ಲಿ ಹಿಡಿದದ್ದು ಅನ್ನುವ ತಕರಾರು ಏಳುತ್ತದೆ. ದೂರು ಕೊಡುವಾಗ ಬೋಟಿನ ನೋಂದಣಿ ನಂಬರ್, ಹೊತ್ತು, ನಿಮ್ಮ ಜಿಪಿಎಸ್ ತೋರಿಸಿದ ಪಾಯಿಂಟ್ ಮೂರನ್ನೂ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. "ರಾತ್ರಿ ದೂರದಲ್ಲಿ ಬೆಳಕು ಕಂಡಿತು" ಅನ್ನುವ ದೂರು ಕಡತದಿಂದ ಆಚೆ ಬರುವುದಿಲ್ಲ.