ಆಸ್ಪತ್ರೆಯಿಂದ ನೇರ ಮನೆಗೋ, ಕೇರ್ ಸೆಂಟರ್‌ಗೋ?

ಪ್ರಶ್ನೆ: ನಮ್ಮ ಯಜಮಾನರಿಗೆ 61 ವರ್ಷ. ಮೂರು ವಾರದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ಇಲ್ಲ. ಮಾತೂ ಹೋಗಿದೆ, ‘ಹೂಂ’, ‘ಬಾ’ ಬಿಟ್ಟರೆ ಏನೂ ಬರುತ್ತಿಲ್ಲ. ಮೂಗಿನ ಪೈಪಿನಲ್ಲೇ ಊಟ. ನಾಡಿದ್ದು ಡಿಸ್ಚಾರ್ಜ್ ಮಾಡುತ್ತಾರಂತೆ, ಒಂದೆರಡು ತಿಂಗಳು ರಿಹ್ಯಾಬ್, ಅಂದರೆ ಕೈಕಾಲಿಗೆ, ಮಾತಿಗೆ ತರಬೇತಿ ಕೊಟ್ಟು ಚೇತರಿಸುವ ವ್ಯವಸ್ಥೆ ಇರುವ ಕಡೆ ಸೇರಿಸಿ ಅಂದಿದ್ದಾರೆ. ನಮ್ಮದು ಅರಕಲಗೂಡಿನ ಹತ್ತಿರ ಹಳ್ಳಿ, ಹಳೇ ಮನೆ, ಬಚ್ಚಲು ಹಿತ್ತಲಲ್ಲಿ. ನನಗೆ ಮಂಡಿನೋವು ಬೇರೆ. ಮಗ ಬೆಂಗಳೂರಲ್ಲಿ ಎರಡು ಜಾಗ ನೋಡಿದ್ದಾನೆ, ಒಂದಂತೂ ಹೋಟೆಲ್ ಥರ ಇದೆಯಂತೆ. ನಾದಿನಿ ಮಾತ್ರ ‘ಕೈಹಿಡಿದ ಗಂಡನ್ನ ಆಶ್ರಮಕ್ಕೆ ಬಿಡ್ತೀಯಾ’ ಅಂತ ವರಾಂಡದಲ್ಲೇ ಅತ್ತುಬಿಟ್ಟಳು. ಏನು ಮಾಡಲಿ? ಇನ್ಶೂರೆನ್ಸ್ ಬರುತ್ತದಾ?
- ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನಾದಿನಿ ಮಾತಿಗೆ ಬೇಜಾರಾಗಬೇಡಿ, ಅದು ಅಣ್ಣನ ಮೇಲಿನ ಪ್ರೀತಿ. ಆದರೆ ಆಶ್ರಮ ಬೇರೆ, ಇದು ಬೇರೆ. ಮಲಗಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲೂ ರಾತ್ರಿಯೂ. ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ, ಅದನ್ನು ಮಾಯಿಸುವುದೇ ತಿಂಗಳುಗಟ್ಟಲೆ ಕೆಲಸ. ಮಂಡಿನೋವು ಇಟ್ಟುಕೊಂಡು ನೀವೊಬ್ಬರೇ ಇದಕ್ಕೆ ನಿಂತರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತೀರಿ ಅಷ್ಟೆ. ಸ್ಟ್ರೋಕ್ ಆದ ಮೇಲೆ ಮೊದಲ ಮೂರು ತಿಂಗಳಲ್ಲಿ ದೇಹ ಚೇತರಿಸಿಕೊಳ್ಳುವ ವೇಗ ಆಮೇಲೆ ಇರುವುದಿಲ್ಲ (ಆಮೇಲೆ ನಿಂತೇ ಹೋಗುತ್ತದೆ ಅಂತಲ್ಲ, ನಿಧಾನ ಆಗುತ್ತದೆ). ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ.

ಮಗನಿಗೆ ಒಂದು ಮಾತು. ‘ನರ್ಸಿಂಗ್ ಹೋಮ್’ ಅಂತ ಕೇಳಿಕೊಂಡು ಹೋದರೆ ನಮ್ಮಲ್ಲಿ ಜನ ಹೆರಿಗೆ ಆಸ್ಪತ್ರೆ ತೋರಿಸುತ್ತಾರೆ. ಬೇಕಾಗಿರುವುದು ಸ್ಟ್ರೋಕ್ ರಿಹ್ಯಾಬ್. ಚಿಕಿತ್ಸೆ ಕೊಡುತ್ತೇವೆ ಅನ್ನುವ ಖಾಸಗಿ ಜಾಗಕ್ಕೆ ಕೆಪಿಎಂಇ ಕಾಯ್ದೆ, ಅಂದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಆಗಿರಬೇಕು. ಆ ಸರ್ಟಿಫಿಕೇಟು, ದರಪಟ್ಟಿ ಎರಡೂ ಕಣ್ಣಿಗೆ ಕಾಣುವ ಹಾಗೆ ಹಾಕಿರಬೇಕು. ಕೇಳಿದರೆ ‘ಅಪ್ಲೈ ಮಾಡಿದೀವಿ ಸಾರ್’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹೋಟೆಲ್ ಥರದ ಜಾಗ ನೋಡಿದವರಿಗೆ ಚೆಂದ. ನಾನು ಮೂವತ್ತು ವರ್ಷ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು, ನನಗೆ ಮಾರ್ಬಲ್ ನೆಲ ಕಾಣುವುದೇ ಇಲ್ಲ, ಹಿಮ್ಮಡಿ ಕಾಣುತ್ತದೆ. ಭಾನುವಾರ ಸಂಜೆಯೋ ರಾತ್ರಿ ಊಟದ ಹೊತ್ತಿಗೋ ಹೇಳದೆ ಕೇಳದೆ ಹೋಗಿ. ಪೈಪಿನಲ್ಲಿ ಊಟ ಕೊಡುವಾಗ ರೋಗಿಯನ್ನು ಎತ್ತಿ ಕೂರಿಸಿದ್ದಾರಾ, ಕೊಟ್ಟಾದ ಮೇಲೆ ಅರ್ಧ ಗಂಟೆ ಹಾಗೇ ಬಿಡುತ್ತಾರಾ, ಅಥವಾ ಮಲಗಿಸಿಕೊಂಡೇ ಸಿರಿಂಜಿನಲ್ಲಿ ಸುರಿದು ಮುಂದಿನ ಮಂಚಕ್ಕೆ ಹೋಗುತ್ತಾರಾ? ಎಬ್ಬಿಸುವಾಗ ಸ್ವಾಧೀನ ಇಲ್ಲದ ಕೈ ಹಿಡಿದು ಎಳೆಯುತ್ತಿದ್ದರೆ ಅದು ದಡ್ಡತನ, ಭುಜದ ಕೀಲು ಸಡಿಲ ಆಗಿಬಿಡುತ್ತದೆ. ರಾತ್ರಿ ಎಷ್ಟು ಜನ ರೋಗಿಗಳಿಗೆ ನೋಡಿಕೊಳ್ಳುವವರು ಎಷ್ಟು ಜನ, ಅದರಲ್ಲಿ ನರ್ಸಿಂಗ್ ಓದಿದವರು ಯಾರು ಅಂತ ಕೇಳಿ. ಹಗಲು ಎಲ್ಲಾ ಕಡೆ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಅವರಿಗೆ ಹೋಗಿರುವುದು ಮಾತು, ಬುದ್ಧಿ ಅಲ್ಲ. ಬಲಭಾಗ ಬಿದ್ದಿದೆ ಅಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ, ಹೆಚ್ಚಿನವರಲ್ಲಿ ಮಾತಿನ ಜಾಗ ಅಲ್ಲೇ. ಕನ್ನಡವೇ ಬಾಯಿಗೆ ಬಾರದೆ ಒದ್ದಾಡುವವರನ್ನು, ಹಿಂದಿಯೋ ಒಡಿಯಾವೋ ಮಾತ್ರ ಬರುವ ಹುಡುಗರ ಕೈಗೆ ಕೊಟ್ಟರೆ ಏನಾಗಬೇಕು? ಬೆಂಗಳೂರಿನ ಇಂಥ ಸೆಂಟರ್‌ಗಳಲ್ಲಿ ದೂರದ ರಾಜ್ಯಗಳಿಂದ ಬಂದ ಮಕ್ಕಳು ಎಷ್ಟೋ ಜನ ಇದ್ದಾರೆ. ಒಳ್ಳೆಯವರು, ಕಷ್ಟಪಟ್ಟು ದುಡಿಯುತ್ತಾರೆ, ಅವರ ತಪ್ಪೇನಿಲ್ಲ. ಆದರೆ ನಿಮ್ಮ ಯಜಮಾನರ ಪಾಳಿಯಲ್ಲಿ ಕನ್ನಡ ಬರುವವರೊಬ್ಬರು ಇರಲೇಬೇಕು ಅಂತ ಮೊದಲೇ ಹೇಳಿ, ಸ್ಪೀಚ್ ಥೆರಪಿಯೂ ಕನ್ನಡದಲ್ಲೇ ಆಗಬೇಕು. ಮಾತು ಹೋದವರು ಕೆಲವರು ಒಂದು, ಎರಡು, ಮೂರು ಅಂತ ಎಣಿಸುತ್ತಾರೆ, ಗೊತ್ತಿರುವ ಭಜನೆ ಹಾಡಿಯೂ ಬಿಡುತ್ತಾರೆ. ಅಂಥದನ್ನು ಗಮನಿಸಿ ಎಳೆದು ತೆಗೆಯುವವರು ಬೇಕಲ್ವಾ.

ಅದಕ್ಕೇ ನನ್ನ ಸಲಹೆ ಬೆಂಗಳೂರಲ್ಲ, ಮೈಸೂರು. ನಿಮ್ಮೂರಿಗೆ ಅದೇ ಹತ್ತಿರ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ, ಕೇಂದ್ರ ಸರ್ಕಾರದ್ದು, ಸ್ಟ್ರೋಕ್‌ನಿಂದ ಮಾತು ಹೋದವರಿಗೂ ಅಲ್ಲಿ ಚಿಕಿತ್ಸೆ ಇದೆ. ಮೈಸೂರಲ್ಲೇ ಒಂದು ರಿಹ್ಯಾಬ್ ಹುಡುಕಿ, ಮಾತಿಗೆ ಈ ಸಂಸ್ಥೆಯಲ್ಲಿ ತೋರಿಸಿ. ಮುಖ್ಯವಾಗಿ ನೀವು ವಾರಕ್ಕೆ ಎರಡು ಮೂರು ಸಲ ಹೋಗಿ ಬರುವ ಹಾಗಿರಬೇಕು. ಮನೆಯವರು ಬಂದು ಹೋಗುವ ಮಂಚದ ಮೇಲೆ ಎಲ್ಲರ ಕಣ್ಣೂ ಸ್ವಲ್ಪ ಜಾಸ್ತಿ ಇರುತ್ತದೆ. ಕಹಿ ಮಾತು, ಆದರೆ ಕಂಡಿದ್ದೇನೆ.

ದುಡ್ಡಿನ ವಿಷಯ. ನಮ್ಮ ದೇಶದ ಆರೋಗ್ಯ ವಿಮೆಯಲ್ಲಿ ವಿಶ್ರಾಂತಿ, ರಿಹ್ಯಾಬ್‌ಗೆ ಅಂತ ಸೇರಿಸಿದ್ದಕ್ಕೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಷನ್ 05’ ಅಂತ ಬರೆದಿರುತ್ತದೆ ನೋಡಿ. ಆದರೆ ಡಿಸ್ಚಾರ್ಜ್ ಆದ ಮೇಲಿನ ಇಷ್ಟು ದಿನದ ಔಷಧಿ, ಟೆಸ್ಟ್ ಖರ್ಚು ಅಂತ ಹೆಚ್ಚಿನ ಪಾಲಿಸಿಗಳಲ್ಲಿ ಬರುತ್ತದೆ, ಕೆಲವದರಲ್ಲಿ ಡಾಕ್ಟರು ಬರೆದುಕೊಟ್ಟ ಫಿಸಿಯೋ ಕೂಡ. ಚೀಟಿ, ಬಿಲ್ಲು ಒಂದೂ ಬಿಸಾಡಬೇಡಿ. ಸೆಂಟರ್‌ನವರು ಹೇಳುವ ದಿನದ ರೇಟಿನಲ್ಲಿ ಡೈಪರ್, ಫಿಸಿಯೋ, ಪೈಪ್ ಬದಲಿಸುವುದು, ಡಾಕ್ಟರ್ ಬಂದು ಹೋಗುವುದು ಸೇರಿದೆಯಾ ಅಂತ ಬರೆಸಿಕೊಳ್ಳಿ. ಅಡ್ವಾನ್ಸ್ ವಾಪಸ್ ಹೇಗೆ ಅನ್ನುವುದನ್ನೂ.

ಸೇರಿಸುವ ದಿನವೇ ಒಂದು ಗುರಿ ಕೇಳಿ: ಆರು ವಾರಕ್ಕೆ ಇವರು ಹಿಡಿದುಕೊಂಡು ಕೂರುತ್ತಾರಾ, ಮಂಚದಿಂದ ಕುರ್ಚಿಗೆ ಬರುತ್ತಾರಾ, ಪೈಪ್ ತೆಗೆಯಬಹುದಾ? ‘ದೇವರಿದ್ದಾನೆ’ ಅನ್ನುವುದು ಉತ್ತರ ಅಲ್ಲ. ಅಷ್ಟರಲ್ಲಿ ಮಗ ಮನೆಯ ಒಳಗೊಂದು ಕಮೋಡ್, ಗೋಡೆಗೆ ಹಿಡಿ, ಹೊಸಿಲಿಗೆ ಇಳಿಜಾರು ಮಾಡಿಸಲಿ. ಕರೆದುಕೊಂಡು ಬರುವ ಮುಂಚೆ ನೀವಿಬ್ಬರೂ ಎರಡು ದಿನ ಅಲ್ಲೇ ಇದ್ದು ಎತ್ತುವುದು, ಕೂರಿಸುವುದು ಕಲಿತುಕೊಳ್ಳಿ.

ನಾದಿನಿಗೂ ಒಂದು ಪಾಳಿ ಕೊಡಿ. ಭಾನುವಾರ ಮಧ್ಯಾಹ್ನ ಅಣ್ಣನ ಪಕ್ಕ ಕೂತು ಚಿಕ್ಕಂದಿನಲ್ಲಿ ಇಬ್ಬರೂ ಕಲಿತ ಭಜನೆ ಹಾಡಲಿ, ಅವರೂ ದನಿಗೂಡಿಸಿದರೂ ಗೂಡಿಸಿಯಾರು. ದೇವಸ್ಥಾನದಿಂದ ಕುಂಕುಮ ತಂದು ಹಚ್ಚಲಿ, ಪರವಾಗಿಲ್ಲ. ತೀರ್ಥ ಮಾತ್ರ ಬಾಯಿಗೆ ಬಿಡಬಾರದು ಅಂತ ಹೇಳಿಡಿ. ನುಂಗುವುದನ್ನು ಪರೀಕ್ಷೆ ಮಾಡಿ ಸರಿ ಅನ್ನುವವರೆಗೆ ಒಂದು ಚಮಚ ನೀರೂ ಶ್ವಾಸಕೋಶಕ್ಕೆ ಇಳಿದೀತು, ಗಂಜಿಗಿಂತ ನೀರೇ ಜಾಸ್ತಿ ಮೋಸ ಮಾಡುವುದು.